ಹದಿನಾಲ್ಕನೇ ಕಲ್ಲಿನಿಂದ ಹದಿನೈದನೇ ಕಲ್ಲಿಗೆ

ಆಗಸ್ಟ್ 24, ಭಾನುವಾರ

ಗೊಬ್ಬರದ ಅಂಗಡಿಯವರು ಜನವರಿಯಲ್ಲಿ ಕೊಟ್ಟ ಡೈರಿ ಇಷ್ಟು ದಿನ ಸ್ಪ್ಯಾನರ್ ಡಬ್ಬಿಯ ಕೆಳಗೆ ಬಿದ್ದಿತ್ತು. ಇವತ್ತು ಬರೆದಿಡುವಂಥ ಒಂದು ಕೆಲಸ ಮಾಡಿದ್ದೇನೆ ಅನ್ನಿಸಿ ತೆಗೆದೆ. ಹೆಂಡತಿ ಮರಿಯಂ ನೋಡಿದರೆ "ಅರವತ್ತಕ್ಕೆ ಹೊಸ ಚಟ" ಅಂತಾಳೆ. ಅವಳಿಗೆ ತೋರಿಸುವುದಿಲ್ಲ.

ದಿಲೀಪ ಬಂದಿದ್ದ. ಎಸ್ಟೇಟಿನಲ್ಲಿ ಆಳುಗಳ ಹಾಜರಿ ಬರೆಯುವ ರೈಟರ್ ಕೆಲಸ, ವಯಸ್ಸು ಮೂವತ್ತೆರಡು. ಎದುರಿನ ಹೋಟೆಲಿನಿಂದ ಎರಡು ಲೋಟ ಕಾಫಿ ತಾನೇ ಹಿಡಿದುಕೊಂಡು ಬರುವ ಗಿರಾಕಿ ಇಡೀ ಮೂಡಿಗೆರೆಯಲ್ಲಿ ಅವನೊಬ್ಬನೇ. ಬಂದವನು ಬೈಕಿನ ಮೀಟರ್ ತೋರಿಸಿ, "ಕಾಕಾ, ಇದು ನನ್ನ ಮರ್ಯಾದೆ ತೆಗೀತಿದೆ. ನಲವತ್ತರಲ್ಲಿ ಹೋಗ್ತಿದ್ರೆ ಹಾಲಿನ ಕ್ಯಾನ್ ಕಟ್ಟಿದ ಸ್ಕೂಟರ್ ಕೂಡ ನನ್ನನ್ನ ಹಿಂದೆ ಹಾಕಿ ಹೋಗ್ತದೆ" ಅಂದ.

"ಹಾಗಾದ್ರೆ ಐವತ್ತರಲ್ಲಿ ಹೋಗು ಮಾರಾಯ."

"ಆಗಲ್ಲ ಕಾಕಾ. ಆಣೆ ಇದೆ."

ಹೋದ ವರ್ಷ ಮಳೆಗಾಲದಲ್ಲಿ ಮಗಳನ್ನು ಟ್ಯಾಂಕಿನ ಮೇಲೆ ಕೂರಿಸಿಕೊಂಡು ಬರುವಾಗ ಜಾರಿ ಬಿದ್ದಿದ್ದನಂತೆ. ಕೃತಿಕಾಗೆ ಗಲ್ಲದ ಮೇಲೆ ಮೂರು ಹೊಲಿಗೆ. ಆವತ್ತೇ ಹೆಂಡತಿ ಸೌಂದರ್ಯ, ಮಗಳ ತಲೆ ಮುಟ್ಟಿಸಿ ಆಣೆ ಹಾಕಿಸಿಕೊಂಡಳು: ಇನ್ನು ಈ ಜನ್ಮದಲ್ಲಿ ನಲವತ್ತು ದಾಟುವುದಿಲ್ಲ. ದಾಟಿದರೆ ಅದು ತಟ್ಟುವುದು ಮಗಳ ತಲೆಗೆ. ಹಾಗಾಗಿ ಇವನು ರಸ್ತೆ ಅರ್ಧ, ಮುಳ್ಳು ಅರ್ಧ ನೋಡಿಕೊಂಡು ಓಡಿಸುತ್ತಾನೆ.

"ಮೀಟರ್ ಜಾಸ್ತಿ ತೋರಿಸ್ತದಾ ನೋಡಿ. ನಲವತ್ತು ಅಂದ್ರೆ ನಲವತ್ತೇ ಇರ್ಬೇಕು" ಅಂದ.

ಇಂಥ ಕೆಲಸಕ್ಕೇ ನನಗೆ ಮೀಟರ್ ತಯ್ಯಬ್ ಅಂತ ಹೆಸರು ಬಂದದ್ದು. ಬೈಕು ತೆಗೆದುಕೊಂಡು ದೇವರಮನೆ ಕಡೆಯ ರಸ್ತೆಗೆ ಹೋದೆ. ಹದಿನಾಲ್ಕನೇ ಕಿಲೋಮೀಟರ್ ಕಲ್ಲಿನಿಂದ ಹದಿನೈದನೇ ಕಲ್ಲಿಗೆ, ಮುಳ್ಳನ್ನು ನಲವತ್ತರಲ್ಲಿ ಅಲ್ಲಾಡದ ಹಾಗೆ ಹಿಡಿದು ಓಡಿಸಬೇಕು. ನಲವತ್ತು ನಿಜವಾಗಿದ್ದರೆ ಸರಿಯಾಗಿ ತೊಂಬತ್ತು ಸೆಕೆಂಡು. ಮೂವತ್ತು ವರ್ಷದಿಂದ ನನ್ನ ತಕ್ಕಡಿ ಇದೇ. ನಡುವೆ, ಗುಡ್ಡ ಜರಿದ ಮೇಲೆ ಮಾಡಿದ ದೊಡ್ಡ ಬಾಗಿನಲ್ಲಿ, ಎಮ್ಮೆ ಅಡ್ಡ ಬಂದು ಇನ್ನೊಂದು ಸಲ ಓಡಿಸಬೇಕಾಯಿತು. ನೂರ ಹದಿನೈದು ಸೆಕೆಂಡು ಹಿಡಿಯಿತು. ಅಂದರೆ ಮುಳ್ಳು ನಲವತ್ತು ತೋರಿಸುವಾಗ ಗಾಡಿ ಓಡುವುದು ಬರೀ ಮೂವತ್ತೊಂದು.

ಈ ಕಂಪನಿಗಳಿಗೆ ನಾಚಿಕೆ ಅನ್ನುವುದೇ ಇಲ್ಲ. ಮೊದಲೂ ಜಾಸ್ತಿ ತೋರಿಸುತ್ತಿದ್ದವು, ಆದರೆ ಮೂರೋ ನಾಲ್ಕೋ. ಎರಡು ವರ್ಷದಿಂದ ಯಾವ ಗಾಡಿ ಬಂದರೂ ಎಂಟು, ಒಂಬತ್ತು. ಸುಳ್ಳಿಗೂ ಒಂದು ಮಿತಿ ಬೇಡವೇ?

ಗಾಜು ಬಿಚ್ಚಿ, ಮುಳ್ಳಿನ ಕೆಳಗೆ ಸುತ್ತಿಕೊಂಡಿರುವ ಕೂದಲೆಳೆಯಂಥ ಸ್ಪ್ರಿಂಗನ್ನು ಚಿಮಟದಲ್ಲಿ ಚೂರೇ ಚೂರು ಬಿಗಿ ಮಾಡಿದೆ. ಮೂರು ಸಲ ಬಿಚ್ಚಿ ಹಾಕಿ, ನಾಲ್ಕನೇ ಸಲಕ್ಕೆ ತೊಂಬತ್ತು ಸೆಕೆಂಡು. ದಿಲೀಪ ಒಂದು ಸುತ್ತು ಹೋಗಿ ಬಂದು, "ಈಗ ಗಾಡಿ ಗಾಡಿ ಹಾಗಾಯ್ತು ಕಾಕಾ" ಅಂತ ನಕ್ಕ. ಅವನ ಬೈಕನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಎರಡು ವರ್ಷದಲ್ಲಿ ಇಪ್ಪತ್ತೇಳನೆಯದು.

ಮನೆಗೆ ಬಂದರೆ ಗೋಡೆ ಗಡಿಯಾರ ಮತ್ತೆ ಏಳು ನಿಮಿಷ ಮುಂದೆ. ಬಸ್ಸು ತಪ್ಪಬಾರದು ಅಂತ ಮರಿಯಂ ಬೇಕೆಂದೇ ಹಾಗಿಡುತ್ತಾಳೆ. ಸುಳ್ಳು ಗಡಿಯಾರ ನಂಬಿ ಬದುಕುವುದಕ್ಕಿಂತ ಬಸ್ಸು ತಪ್ಪಿಸಿಕೊಳ್ಳುವುದು ಮೇಲು. ಕುರ್ಚಿ ಹತ್ತಿ ಸರಿ ಮಾಡಿದೆ.

ಸೆಪ್ಟೆಂಬರ್ 11, ಗುರುವಾರ

ದಿಲೀಪ ಹೋದ.

ಬೆಳಿಗ್ಗೆ ಎಸ್ಟೇಟಿಗೆ ಹೋಗುವಾಗ, ಹೋಂಸ್ಟೇ ದಾಟಿದ ಮೇಲಿನ ತಿರುವಿನಲ್ಲಿ. ಒದ್ದೆ ರಸ್ತೆ, ಮೇಲೆ ಸಿಲ್ವರ್ ಓಕ್ ಮರದ ಎಲೆ. ಜಾರಿ ಹೋಗಿ ಮೋರಿ ಕಟ್ಟೆಗೆ ತಲೆ ಹೊಡೆಯಿತಂತೆ. ಹೆಲ್ಮೆಟ್ ಇತ್ತು.

ನಿನ್ನೆ ಸಂಜೆ ಅಂಗಡಿ ಮುಂದೆ ಹೋಗುವಾಗ ಹಾರ್ನ್ ಹೊಡೆದು ಕೈ ಎತ್ತಿದ್ದ. ನಾನು ಕೈಯಲ್ಲಿ ಗ್ರೀಸ್ ಇದೆ ಅಂತ ತಲೆ ಆಡಿಸಿದ್ದೆ ಅಷ್ಟೆ.

ಸೆಪ್ಟೆಂಬರ್ 21, ಭಾನುವಾರ

ದಿಲೀಪನ ಹನ್ನೊಂದನೇ ದಿನ. ನಾನೂ ಮರಿಯಂ ಇಬ್ಬರೂ ಹೋಗಿದ್ದೆವು. ಅಂಗಳದಲ್ಲಿ ಶಾಮಿಯಾನ. ಅವನ ತಾಯಿ ನಂಜಮ್ಮನವರು ಬಂದವರನ್ನೆಲ್ಲ ಊಟಕ್ಕೆ ಎಬ್ಬಿಸುತ್ತಿದ್ದರು, ತಾವು ಏನೂ ಮುಟ್ಟಿರಲಿಲ್ಲ. ಕೃತಿಕಾ ಅಪ್ಪನ ಹೆಲ್ಮೆಟ್ ತಲೆಗೆ ಹಾಕಿಕೊಂಡು ಜನರ ಕಾಲುಗಳ ನಡುವೆ ಓಡಾಡುತ್ತಿದ್ದಳು.

ವಿಮೆಯವರ ಕಡೆಯಿಂದ ಒಬ್ಬ ಬಂದು ಹೋಗಿದ್ದಾನೆ. ಹೋಂಸ್ಟೇಯ ಎರಡು ಗೇಟಿಗೂ ಕ್ಯಾಮೆರಾ ಇದೆ. ಈ ಗೇಟಿನಿಂದ ಆ ಗೇಟಿಗೆ ಎಷ್ಟು ದೂರ, ಎಷ್ಟು ಸೆಕೆಂಡು ಹಿಡಿಯಿತು ಅಂತ ಲೆಕ್ಕ ಹಾಕಿದ್ದಾನೆ. ನನ್ನದೇ ಲೆಕ್ಕ. ನಲವತ್ತಾರು ಬಂದಿದೆ. "ಅತಿ ವೇಗ ಏನಲ್ಲ" ಅಂತ ಅವನೇ ಹೇಳಿದನಂತೆ. ಬೇರೆ ಯಾರಿಗಾದರೂ ನಲವತ್ತಾರು ಒಂದು ವೇಗವೇ?

ಸೌಂದರ್ಯ ಒಳಗಿನಿಂದ ಬಂದು ನೇರ ನನ್ನ ಮುಂದೆ ನಿಂತಳು. ಕಣ್ಣಲ್ಲಿ ಒಂದು ಹನಿ ನೀರಿಲ್ಲ.

"ಕಾಕಾ, ಆ ಮೀಟರ್ ನೀವೇ ತಾನೆ ಸರಿ ಮಾಡಿದ್ದು? ಅದು ಕಮ್ಮಿ ತೋರಿಸ್ತಿತ್ತು ಅಂತ ಏನಾದ್ರೂ ಇರ್ಬಹುದಾ?"

ಸುತ್ತ ಜನ ಇದ್ದರು. ಅದರಲ್ಲಿ ಎಂಟು ಹತ್ತು ಮಂದಿ ನನ್ನ ಗಿರಾಕಿಗಳೇ.

"ಇಲ್ಲಮ್ಮ" ಅಂದೆ. "ನಾನು ಸರಿ ಮಾಡಿದ ಮೀಟರ್ ತಪ್ಪು ತೋರಿಸೋದಿಲ್ಲ. ಖಂಡಿತ."

ಅವಳು ತಲೆಯಾಡಿಸಿ ಒಳಗೆ ಹೋದಳು. ಊಟ ಮುಗಿಸಿ ನೀರು ಕುಡಿಯಲು ನಡುಮನೆಗೆ ಹೋದರೆ, ಹಾರ ಹಾಕಿದ್ದ ದಿಲೀಪನ ಫೋಟೋ ಗೋಡೆಗೆ ಮುಖ ಮಾಡಿ ನಿಂತಿತ್ತು.

ದಾರಿಯಲ್ಲಿ ಮರಿಯಂ, "ಗೊತ್ತಿಲ್ಲ ಅಂದಿದ್ರೆ ಆಗ್ತಿರಲಿಲ್ವಾ?" ಅಂದಳು. ಗೊತ್ತಿದ್ದದ್ದನ್ನು ಗೊತ್ತಿಲ್ಲ ಅನ್ನಲು ನನಗೆ ಬರುವುದಿಲ್ಲ.

ಸೆಪ್ಟೆಂಬರ್ 26, ಶುಕ್ರವಾರ

ನಮಾಜಿನಲ್ಲಿ ನಿಂತರೂ ದಿಲೀಪನ ಮೇಲೇ ಸಿಟ್ಟು. ಆಣೆಗೋಸ್ಕರ ನೀನೇ ಮೀಟರ್ ಸರಿ ಮಾಡಿಸಿಕೊಂಡೆ, ಆಮೇಲೆ ಆಣೆಯನ್ನೇ ಗಾಳಿಗೆ ತೂರಿದೆ. ಯಾಕೋ ಮಾರಾಯ? ಯಾವ ಅವಸರ ನಿನಗೆ? ಎಂಟು ಗಂಟೆಗೆ ಆಳುಗಳ ಹೆಸರು ಕೂಗುವುದು ಐದು ನಿಮಿಷ ತಡವಾಗಿದ್ದರೆ ಗುಡ್ಡ ಕುಸಿದು ಬೀಳುತ್ತಿತ್ತೇ? ಮಗಳ ತಲೆ ಮುಟ್ಟಿದ ಕೈ ಅದು.

ಅಕ್ಟೋಬರ್ 2, ಗುರುವಾರ

ಸ್ವಾತಿ ಅಂತ, ಕಾಲೇಜಿನಲ್ಲಿ ಪಾಠ ಮಾಡುವ ಹುಡುಗಿ. ಜೂನ್‌ನಲ್ಲಿ ಅವಳ ಸ್ಕೂಟರಿನ ಮೀಟರ್ ಸರಿ ಮಾಡಿಕೊಟ್ಟಿದ್ದೆ. ಇವತ್ತು ಬಂದು, "ಅಂಕಲ್, ನೀವು ಮಾಡಿದ್ಮೇಲೆ ಮೀಟರ್ ಕಮ್ಮಿ ತೋರಿಸ್ತಿದೆ. ನನ್ನ ಫೋನಲ್ಲಿ ಜಾಸ್ತಿ ಬರ್ತದೆ" ಅಂದಳು.

"ಫೋನಿಗೆ ಹೇಗಮ್ಮ ಗೊತ್ತು, ಗಾಡಿ ಎಷ್ಟು ಓಡ್ತದೆ ಅಂತ?"

"ಉಪಗ್ರಹದಿಂದ ಅಂಕಲ್."

"ನಮ್ಮ ಗುಡ್ಡದಲ್ಲಿ ಮನೆಯಿಂದ ಅಂಗಡಿಗೆ ಕಾಲ್ ಹೋಗೋದಿಲ್ಲ. ಇನ್ನು ಆಕಾಶಕ್ಕೆ ಹೋಗ್ತದಾ?"

ನಕ್ಕಳು. ಆದರೂ ಒಂದು ಸಲ ನೋಡಿ ಅಂತ ಹೇಳಿ ಹೋದಳು. ಕುಣಿಯಲಾರದವಳಿಗೆ ನೆಲ ಡೊಂಕು. ಸ್ಕೂಟರ್ ಓಡಿಸಲು ಕಲಿತು ಒಂದು ವರ್ಷ ಆಗಿಲ್ಲ, ನನ್ನ ಮೀಟರ್ ಡೊಂಕಂತೆ.

ಅಕ್ಟೋಬರ್ 5, ಭಾನುವಾರ

ಮರಿಯಂ ದಿಲೀಪನ ಮನೆಗೆ ಹೋಗಿ ಬಂದಳು. ಕೃತಿಕಾಗೆ ವಾರದಿಂದ ಜ್ವರ. ಡಾಕ್ಟರ್ ಹವೆ ಬದಲಾದದ್ದಕ್ಕೆ ಬಂದ ಜ್ವರ ಅಂದಿದ್ದಾರೆ, ಇಳಿಯುತ್ತಿದೆ. ಆದರೆ ಸೌಂದರ್ಯ ನಂಬುವುದಿಲ್ಲ. ಅಪ್ಪ ಆಣೆ ಮುರಿದದ್ದು ಮಗಳಿಗೆ ತಟ್ಟಿತು ಅಂತಾಳೆ. ಮಗುವನ್ನು ನರ್ಸರಿಗೆ ಕಳಿಸುವುದನ್ನು ಬಿಟ್ಟಿದ್ದಾಳೆ, ಹೊಸಿಲು ದಾಟಲು ಬಿಡುವುದಿಲ್ಲ, ಕೈಗೆ ದಾರ ಕಟ್ಟಿದ್ದಾಳೆ. ನಂಜಮ್ಮನವರು "ಆಣೆ ಹಾಕಿಸಿದ್ದೇ ನೀನು" ಅಂತ ಸೊಸೆಯ ಮೇಲೆ ರೇಗುತ್ತಾರಂತೆ. ಒಂದೇ ಮನೆಯಲ್ಲಿ ಇಬ್ಬರು ಬೇರೆ ಬೇರೆ ಮೂಲೆಯಲ್ಲಿ ಕೂರುತ್ತಾರೆ.

ಕಾರ್ತಿಕದ ಮೊದಲ ಸೋಮವಾರ ದೇವರಮನೆಯ ಭೈರವನಿಗೆ ತಪ್ಪುಕಾಣಿಕೆ ಹಾಕುವುದು ಅಂತ ಗೊತ್ತು ಮಾಡಿದ್ದಾಳೆ. ಗಂಡ ಆಣೆ ಮುರಿದ, ತಪ್ಪಾಯಿತು, ಮಗಳನ್ನು ಬಿಟ್ಟುಬಿಡು ಅಂತ ಕೇಳಿಕೊಳ್ಳುವುದು. ಅರಿಸಿನದ ಬಟ್ಟೆಯಲ್ಲಿ ಬೆಳ್ಳಿ ನಾಣ್ಯ ಕಟ್ಟಿ, ಮಗಳ ತಲೆಗೆ ಮುಟ್ಟಿಸಿ, ದೇವರ ಗೂಡಿನಲ್ಲಿಟ್ಟಿದ್ದಾಳೆ.

"ಆ ಹೆಣ್ಣು ಇನ್ನೂ ಅತ್ತಿಲ್ಲ" ಅಂದಳು ಮರಿಯಂ. "ಗಂಡ ಸತ್ತ ದುಃಖ ಪಡೋಕೂ ಅವಳಿಗೆ ಪುರುಸೊತ್ತಿಲ್ಲ. ಮಗಳಿಗೆ ಏನಾಗ್ತದೋ ಅನ್ನೋ ಭಯ ಒಂದೇ."

ಅಕ್ಟೋಬರ್ 8, ಬುಧವಾರ

ಫೋನು ಸುಳ್ಳು ಅಂತ ತೋರಿಸಿಬಿಡೋಣ ಅಂತಲೇ ಸ್ವಾತಿಯನ್ನು ಕರೆದೆ. ಅವಳ ಸ್ಕೂಟರ್, ಹಿಂದೆ ಅವಳು ಫೋನ್ ಹಿಡಿದು ಕೂತಿದ್ದಳು. ಮುಳ್ಳು ನಲವತ್ತರಲ್ಲಿ ನಿಲ್ಲಿಸಿ, "ಈಗ ಓದು" ಅಂದೆ.

"ನಲವತ್ತಾರು ಅಂಕಲ್."

ಇನ್ನೊಂದು ಸಲ, ಬೇರೆ ಜಾಗದಲ್ಲಿ, ಓದಿಸಿದೆ. ನಲವತ್ತಾರು. ಅವಳು ಏನೋ ಕೇಳುತ್ತಿದ್ದಳು, ನನಗೆ ಕೇಳಿಸಲಿಲ್ಲ.

ಅಕ್ಟೋಬರ್ 12, ಭಾನುವಾರ

ಗಾರೆ ಕೆಲಸದ ಲಕ್ಕಯ್ಯನ ಹತ್ತಿರ ಮೂವತ್ತು ಮೀಟರಿನ ಟೇಪು ಕೇಳಿ ತಂದೆ. ಯಾಕೆ ಅಂದ. ಮನೆ ಹಿಂದೆ ಶೆಡ್ಡು ಅಂದೆ. ಮರಿಯಂಗೂ ಅದನ್ನೇ ಹೇಳಿ ಕರೆದುಕೊಂಡು ಹೋದೆ, ಆದರೆ ಬೈಕು ನಿಲ್ಲಿಸಿದ್ದು ಹದಿನಾಲ್ಕನೇ ಕಲ್ಲಿನ ಹತ್ತಿರ. ಅವಳು ಟೇಪಿನ ತುದಿ ಹಿಡಿದು ಕಲ್ಲಿನ ಬುಡದಲ್ಲಿ ಕೂತಳು.

ಒಂದು ಉದ್ದ, ಸುಣ್ಣದ ಗುರುತು. ಇನ್ನೊಂದು ಉದ್ದ. ಪ್ರವಾಸಿಗಳ ಕಾರುಗಳು ನಿಧಾನ ಮಾಡಿ ನೋಡಿಕೊಂಡು ಹೋದವು. ಕಿಲೋಮೀಟರಿಗೆ ಮೂವತ್ಮೂರು ಉದ್ದ, ಮೇಲೆ ಹತ್ತು ಮೀಟರ್ ಆಗಬೇಕು. ಮೂವತ್ಮೂರು ಆದಾಗ ಹದಿನೈದನೇ ಕಲ್ಲು ಇನ್ನೂ ಅಷ್ಟು ದೂರದಲ್ಲಿ ಕೂತಿತ್ತು. ಮೂವತ್ತನಾಲ್ಕು. ಮೂವತ್ತೈದು. ಮೂವತ್ತೆಂಟು ಉದ್ದ, ಮೇಲೆ ಹತ್ತು ಮೀಟರ್. ಸಾವಿರದ ನೂರ ಐವತ್ತು.

ಗುಡ್ಡ ಜರಿದದ್ದು ಎರಡು ವರ್ಷದ ಹಿಂದೆ. ಹಳೇ ರಸ್ತೆ ನೆಟ್ಟಗೆ ಹೋಗುತ್ತಿತ್ತು. ಅದು ಕೆಳಗೆ ಹೋದ ಮೇಲೆ ಸುತ್ತು ಹಾಕಿ ಹೊಸ ಬಾಗು ಮಾಡಿದರು. ಎರಡು ತುದಿಯ ಕಲ್ಲುಗಳು ಇದ್ದಲ್ಲೇ ಇದ್ದವು. ನಾನು ಕಲ್ಲು ನೋಡಿದೆ, ನಡುವಿನ ರಸ್ತೆ ನೋಡಲಿಲ್ಲ. ತಿಂಗಳಿಗೆ ಒಂದೆರಡು ಸಲ ಆ ಬಾಗು ತಿರುಗಿದವನು.

"ಈ ದಾರಿ ಉದ್ದ ಆಗಿದೆ" ಅಂದೆ.

"ಆಗಿದೆಯಲ್ಲ" ಅಂದಳು ಮರಿಯಂ. "ಕಾಫಿ ಕುಯ್ಯೋಕೆ ಹೋಗೋ ಹೆಂಗಸರೆಲ್ಲ ಆವಾಗಿಂದ ಹೇಳ್ತಾರೆ. ಈ ಕಲ್ಲಿನಿಂದ ಆ ಕಲ್ಲಿಗೆ ಕಾಲು ನೋವು ಬರ್ತದೆ ಅಂತ. ನಡೆಯೋರಿಗೆ ಗೊತ್ತಾಗ್ತದೆ."

ಅಂದರೆ ಕಂಪನಿಯ ಸುಳ್ಳು ಜಾಸ್ತಿಯಾಗಿರಲಿಲ್ಲ. ನನ್ನ ಕಿಲೋಮೀಟರ್ ಉದ್ದವಾಗಿತ್ತು. ಅಷ್ಟು ದೂರ ತೊಂಬತ್ತು ಸೆಕೆಂಡಿನಲ್ಲಿ ಓಡಿದರೆ ನಲವತ್ತಾರು. ಮುಳ್ಳು ನಲವತ್ತು ಅನ್ನುತ್ತದೆ, ನಾನು ಹಾಗೆ ಅನ್ನಿಸಿದ್ದೇನೆ. ದಿಲೀಪ ನಲವತ್ತು ದಾಟಲಿಲ್ಲ.

ಅಕ್ಟೋಬರ್ 13, ಸೋಮವಾರ

ಅಂಗಡಿ ತೆರೆಯಲಿಲ್ಲ.

ಅಕ್ಟೋಬರ್ 17, ಶುಕ್ರವಾರ

ಬರೆಯಬಾರದು ಅಂದುಕೊಂಡೆ. ಆದರೆ ಬೇರೆ ಎಲ್ಲಿ ಹೇಳಲಿ?

ನಾಲ್ಕು ದಿನ ನನ್ನೊಳಗೆ ಒಬ್ಬ ವಕೀಲ ಕೂತಿದ್ದ. ಆರು ಕಿಲೋಮೀಟರಿಗೆ ಯಾರಾದರೂ ಸಾಯುತ್ತಾರೆಯೇ? ಎಲೆ ಬಿದ್ದಿತ್ತು, ರಸ್ತೆ ಒದ್ದೆ ಇತ್ತು, ಟಯರು ಸವೆದಿತ್ತು. ನಲವತ್ತರಲ್ಲೂ ಜಾರುತ್ತಿದ್ದನೋ ಏನೋ. ಬೈಕು ಠಾಣೆಯ ಹಿಂದೆ ಮುದ್ದೆಯಾಗಿ ಬಿದ್ದಿದೆ, ಮೀಟರ್ ಪುಡಿಪುಡಿ. ಯಾರೂ ಕೇಳುವುದಿಲ್ಲ, ಯಾರಿಗೂ ಗೊತ್ತಾಗುವುದಿಲ್ಲ.

ಆದರೆ ಆರು ಅಲ್ಲ. ಅದನ್ನೂ ಬರೆದುಬಿಡುತ್ತೇನೆ. ನಾನು ಮುಟ್ಟದೆ ಹಾಗೇ ಬಿಟ್ಟಿದ್ದರೆ ಮುಳ್ಳು ನಲವತ್ತು ಅಂದಾಗ ಗಾಡಿ ಮೂವತ್ತಾರರಲ್ಲಿ ಹೋಗುತ್ತಿತ್ತು. ಕಂಪನಿಯವರು ಬೇಕೆಂದೇ ನಾಲ್ಕು ಜಾಸ್ತಿ ತೋರಿಸುತ್ತಾರೆ, ಮನುಷ್ಯ ಎಚ್ಚರದಲ್ಲಿರಲಿ ಅಂತ. ಮೂವತ್ತು ವರ್ಷ ಆ ಎಚ್ಚರವನ್ನು ಸುಳ್ಳು ಅಂತ ಬೈದು ಕಿತ್ತು ಹಾಕಿದೆ. ಮೂವತ್ತಾರಕ್ಕೂ ನಲವತ್ತಾರಕ್ಕೂ ಹತ್ತು. ಒದ್ದೆ ತಿರುವಿನಲ್ಲಿ ಹತ್ತು ಅಂದರೆ ಏನು ಅಂತ ನನ್ನಂಥ ಮೆಕ್ಯಾನಿಕ್ಕಿಗೆ ಯಾರೂ ಹೇಳಿಕೊಡಬೇಕಿಲ್ಲ.

ನೋಟ್‌ಬುಕ್ ತೆಗೆದು ಒಬ್ಬೊಬ್ಬರಿಗೇ ಫೋನ್ ಮಾಡಲು ಶುರು ಮಾಡಿದೆ. ಮೊದಲ ಮೂವರಿಗೆ, "ಗಾಡಿ ತನ್ನಿ, ಫ್ರೀಯಾಗಿ ಒಂದು ಸರ್ವಿಸ್ ಮಾಡಿಕೊಡ್ತೇನೆ" ಅಂದೆ. ಮರಿಯಂ ಹಿಂದೆ ನಿಂತು ಕೇಳಿಸಿಕೊಳ್ಳುತ್ತಿದ್ದಳು. ನಾಲ್ಕನೆಯವನು ಪ್ರಶಾಂತ್, ಕಳಸದ ಕಡೆಯವನು. ಅವನಿಗೆ ಇದ್ದದ್ದು ಇದ್ದ ಹಾಗೆ ಹೇಳಿದೆ. "ಅಯ್ಯೋ, ಆರು ಕಿಲೋಮೀಟರಿಗೆ ಏನು ಕಾಕಾ, ಬಿಡಿ" ಅಂತ ನಕ್ಕ. ನಗಬೇಡ ಮಾರಾಯ ಅಂದೆ. ನನ್ನ ದನಿ ಕೇಳಿ, ಗಾಡಿ ತರುತ್ತೇನೆ ಅಂದ. ಆಮೇಲೆ ಮೊದಲ ಮೂವರಿಗೂ ತಿರುಗಿ ಫೋನ್ ಮಾಡಿ ನಿಜ ಹೇಳಿದೆ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ನಾನು ಆವತ್ತು ಅಷ್ಟು ಜನರ ಮುಂದೆ "ಖಂಡಿತ" ಅಂದೆ.

ಅಕ್ಟೋಬರ್ 21, ಮಂಗಳವಾರ

ಊರೆಲ್ಲ ದೀಪಾವಳಿ. ಆ ಮನೆಯಲ್ಲಿ ಹಬ್ಬವಿಲ್ಲ. ಬೆಳಿಗ್ಗೆ ಹತ್ತಕ್ಕೆ ಒಬ್ಬನೇ ಹೋದೆ. ಮರಿಯಂ ಬರುತ್ತೇನೆ ಅಂದಳು, ಬೇಡ ಅಂದೆ. ಬೈಕು ಮನೆಯ ಹತ್ತಿರದ ತಿರುವಿನಲ್ಲೇ ಬಿಟ್ಟು ನಡೆದುಕೊಂಡು ಹೋದೆ. ಆ ಅಂಗಳಕ್ಕೆ ಬೈಕಿನ ಸದ್ದು ಕೇಳಿಸಬಾರದು ಅನ್ನಿಸಿತು.

ಸೌಂದರ್ಯ ಜಗಲಿಯಲ್ಲಿ ಮಗಳ ತಲೆ ಬಾಚುತ್ತಿದ್ದಳು. ಜ್ವರ ಬಿಟ್ಟಿತ್ತು, ಮಗು ಇಳಿದುಹೋಗಿತ್ತು. ನಂಜಮ್ಮನವರು ಬಾಗಿಲಿಗೆ ಬಂದು, "ಕೂತ್ಕೊಳ್ಳಿ ಸಾಬ್ರೇ" ಅಂದರು. ಕೂರಲಿಲ್ಲ. ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದ ಮಾತೆಲ್ಲ ಮರೆತುಹೋಗಿತ್ತು.

"ಆವತ್ತು ನಾನು ಹೇಳಿದ್ದು ತಪ್ಪು ತಾಯಿ" ಅಂದೆ. "ಮೀಟರ್ ಕಮ್ಮಿ ತೋರಿಸ್ತಿತ್ತು."

ಅವಳ ಬಾಚಣಿಗೆ ಅಲ್ಲೇ ನಿಂತಿತು. ಕಲ್ಲು, ಗುಡ್ಡ ಜರಿದದ್ದು, ಬಾಗು, ಟೇಪು, ಎಲ್ಲ ಹೇಳಿದೆ. ಹೇಳುವ ಹಾಗೆ ಹೇಳಿದೆನೋ ಇಲ್ಲವೋ. ನಾನು ಸರಿ ಮಾಡಿದ ಮೀಟರಿನಲ್ಲಿ ಮುಳ್ಳು ನಲವತ್ತರಲ್ಲಿದ್ದರೆ ಗಾಡಿ ನಲವತ್ತಾರರಲ್ಲಿ ಹೋಗುತ್ತದೆ ಅಂದೆ. ಬಂದ ಒಂಬತ್ತು ಗಾಡಿ ನೋಡಿದ್ದೇನೆ, ಒಂಬತ್ತೂ ಹಾಗೇ ಅಂದೆ.

"ನಲವತ್ತಾರು" ಅಂದಳು. ಆಮೇಲೆ, "ಅಂದ್ರೆ ಅವ್ರ ಕಣ್ಣಿಗೆ ಕಂಡಿದ್ದು?"

"ನಲವತ್ತು."

"ಖಂಡಿತ?"

"ಆ ಮಾತು ಇನ್ನು ನನ್ನ ಬಾಯಲ್ಲಿ ಬೇಡ ತಾಯಿ. ಅಳತೆ ಹಾಗೆ ಹೇಳ್ತದೆ."

ಇನ್ನೊಂದಿತ್ತು. ಅದನ್ನು ಹೇಳದೆ ಬಂದುಬಿಡಬಹುದಿತ್ತು. "ನಾನು ಕೈ ಹಾಕದೆ ಇದ್ದಿದ್ರೆ ಅವನು ಮೂವತ್ತಾರರಲ್ಲಿ ಹೋಗ್ತಿದ್ದ" ಅಂದೆ. "ಮೀಟರ್ ಮೊದಲಿದ್ದ ಹಾಗೇ ಒಳ್ಳೇದಿತ್ತು. ಕೆಡಿಸಿದ್ದು ನಾನು."

ನಂಜಮ್ಮನವರು ಬಾಗಿಲ ಚೌಕಟ್ಟು ಹಿಡಿದುಕೊಂಡರು. "ನನ್ನ ಮಗ ನಿಮ್ಮನ್ನ ನಂಬಿದ್ದ ಸಾಬ್ರೇ" ಅಂದರು ಅಷ್ಟೇ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಸೌಂದರ್ಯ ಎದ್ದು ಒಳಗೆ ಹೋದಳು. ಆಮೇಲೆ ಅಳು ಕೇಳಿತು. ನಲವತ್ತು ದಿನ ಕಟ್ಟಿಹಾಕಿದ್ದ ಅಳು. "ಒಂದು ತಿಂಗಳಿಂದ ನಿಮ್ಮ ಮುಖ ನೋಡ್ಲಿಲ್ಲವಲ್ಲ ನಾನು, ಬೈದೆನಲ್ಲ" ಅಂತ ಅವನ ಫೋಟೋಗೆ ಹೇಳುತ್ತಿದ್ದಳು. ನಂಜಮ್ಮನವರು ನನ್ನನ್ನು ಅಲ್ಲೇ ಬಿಟ್ಟು ಒಳಗೆ ಓಡಿದರು. ಅತ್ತೆ ಸೊಸೆ ಇಬ್ಬರೂ ಸೇರಿ ಅತ್ತರು. ನಾನು ಅಂಗಳದಲ್ಲಿ ನಿಂತೇ ಇದ್ದೆ. ಕೃತಿಕಾ ಅರ್ಧ ಬಾಚಿದ ತಲೆಯಲ್ಲಿ ನನ್ನನ್ನೇ ನೋಡುತ್ತಾ ಕೂತಿದ್ದಳು. ನನಗೂ ತಡೆಯಲಾಗಲಿಲ್ಲ.

ಹೊರಗೆ ಬಂದಾಗ ಸೌಂದರ್ಯಳ ಕೈಯಲ್ಲಿ ಅರಿಸಿನದ ಬಟ್ಟೆಯ ಗಂಟಿತ್ತು.

"ಇದನ್ನ ಅವ್ರ ತಪ್ಪಿಗೆ ಅಂತ ಕಟ್ಟಿದ್ದೆ. ತಪ್ಪು ಅವ್ರದ್ದಲ್ಲ ಅಂದ್ಮೇಲೆ ನಾನು ಹೇಗೆ ಹಾಕ್ಲಿ? ದೇವರ ಹೆಸರಲ್ಲಿ ಕಟ್ಟಿದ್ದನ್ನ ಬಿಚ್ಚೋ ಹಾಗೂ ಇಲ್ಲ." ಗಂಟನ್ನು ನನ್ನ ಮುಂದೆ ಹಿಡಿದಳು. "ತಪ್ಪು ಯಾರದ್ದೋ ಅವರೇ ಹಾಕ್ಬೇಕು ಕಾಕಾ. ಸೋಮವಾರ ದೇವರಮನೆಗೆ ಬನ್ನಿ."

ಎರಡೂ ಕೈ ಒಡ್ಡಿ ತೆಗೆದುಕೊಂಡೆ.

ಅಕ್ಟೋಬರ್ 25, ಶನಿವಾರ

ಗಂಟು ಅಂಗಡಿಯ ಡ್ರಾಯರಿನಲ್ಲಿದೆ. ದಿನಕ್ಕೆ ಐದು ಹೊತ್ತು ನಮಾಜು ಮಾಡುವವನು ನಾನು, ಗುಡಿಗೆ ಹೋಗಿ ಕಾಣಿಕೆ ಹಾಕುವುದು ಹೇಗೆ? ಮರಿಯಂಗೆ ಕೇಳಿದೆ. ಅವಳನ್ನು ಕೇಳಿ ಏನಾದರೂ ಮಾಡಿದ್ದು ನನಗೆ ನೆನಪಿಲ್ಲ.

"ನೀವು ಹರಕೆ ಹೊರೋಕೆ ಹೋಗ್ತಿಲ್ಲ" ಅಂದಳು. "ತಪ್ಪು ಒಪ್ಪಿಕೊಳ್ಳೋಕೆ ಹೋಗ್ತಿದ್ದೀರಿ. ಅದನ್ನ ಅವರು ಕರೆದ ಜಾಗದಲ್ಲೇ ಒಪ್ಪಿಕೊಳ್ಬೇಕು. ಅಲ್ಲಾಹನ ಹತ್ರ ಇಲ್ಲಿ ಕೂತು ಕೇಳಿ, ಯಾರು ಬೇಡ ಅಂದ್ರು?"

ಅಕ್ಟೋಬರ್ 27, ಸೋಮವಾರ

ದೇವರಮನೆಯಲ್ಲಿ ಮಂಜು. ಹತ್ತು ಅಡಿ ಆಚೆ ಏನೂ ಕಾಣುತ್ತಿರಲಿಲ್ಲ. ಹುಲ್ಲುಗುಡ್ಡದ ಮೇಲೆ ಪ್ರವಾಸಿಗಳ ನಗು ಮಾತ್ರ ಕೇಳುತ್ತಿತ್ತು. ಸೌಂದರ್ಯ, ನಂಜಮ್ಮನವರು, ಕೃತಿಕಾ, ಮತ್ತೆ ಅವರ ಊರಿನ ಹತ್ತು ಹನ್ನೆರಡು ಜನ. ಹನ್ನೊಂದನೇ ದಿನ ನಾನು ಆ ಮಾತು ಆಡಿದಾಗ ಇದ್ದವರನ್ನೇ ಅವಳು ಕರೆದುಕೊಂಡು ಬಂದಿದ್ದಳು.

ನಾನು ಅಂಗಳದಲ್ಲೇ ನಿಂತೆ. ಅರ್ಚಕರು ತಟ್ಟೆ ಹಿಡಿದು ಹೊರಗೇ ಬಂದರು. "ಯಾರ ಹೆಸರಲ್ಲಿ?" ಅಂದರು.

"ತಯ್ಯಬ್."

"ಗೋತ್ರ..." ಅಂತ ಶುರು ಮಾಡಿ ಅರ್ಚಕರು ನನ್ನ ಗಡ್ಡ ನೋಡಿ ನಿಲ್ಲಿಸಿದರು. ಬೇರೆ ದಿನ ಆಗಿದ್ದರೆ ನಗು ಬರುತ್ತಿತ್ತು. "ಏನು ತಪ್ಪು?" ಅಂತ ಮೆಲ್ಲಗೆ ಕೇಳಿದರು.

ಎಲ್ಲರಿಗೂ ಕೇಳುವ ಹಾಗೆ ಹೇಳಿದೆ. "ನಾನು ಅಳತೆ ತಪ್ಪಿದೆ. ಗೊತ್ತಿಲ್ಲದೆ ಗೊತ್ತಿದೆ ಅಂದೆ. ದಿಲೀಪ ಆಣೆ ಮುರಿದಿಲ್ಲ." ಗಂಟನ್ನು ತಟ್ಟೆಗೆ ಹಾಕಿದೆ. ಒಂದು ನಾಣ್ಯ ಅಷ್ಟೇ, ಆದರೆ ಕೈ ಬಿಡುವಾಗ ಭಾರ ಇತ್ತು.

ಸೌಂದರ್ಯ ಬಗ್ಗಿ ಮಗಳ ಕೈಯ ದಾರವನ್ನು ಹಲ್ಲಿನಲ್ಲಿ ಕಡಿದು ತೆಗೆದಳು. ಕೃತಿಕಾ ಕೈ ಬಿಟ್ಟ ಕೂಡಲೇ ಮಂಜಿನೊಳಗೆ ಓಡಿದಳು. ಯಾರೂ ಅವಳನ್ನು ತಡೆಯಲಿಲ್ಲ.

ಹೊರಡುವಾಗ ಸೌಂದರ್ಯ ನನ್ನ ಹತ್ತಿರ ಬಂದಳು. "ಕಾಕಾ, ಇನ್ನು ನಮ್ಮನೆ ಕಡೆ ಬರ್ಬೇಡಿ."

"ಸರಿ ತಾಯಿ."

"ನಿಮ್ಮನ್ನ ನೋಡಿದ್ರೆ ಆ ಹತ್ತು ಕಿಲೋಮೀಟರ್ ನೆನಪಾಗ್ತದೆ. ನನ್ನ ಕೈಲಿ ಆಗಲ್ಲ."

ಕ್ಷಮಿಸು ಅಂತ ಕೇಳಬೇಕು ಅಂದುಕೊಂಡು ಹೋಗಿದ್ದೆ. ಕೇಳಲಿಲ್ಲ. ಕೇಳಿದರೆ ಅದು ಅವಳ ತಲೆಗೆ ಇನ್ನೊಂದು ಹೊರೆ.

ನವೆಂಬರ್ 9, ಭಾನುವಾರ

ಇಪ್ಪತ್ತಾರು ಗಾಡಿಯ ಸ್ಪ್ರಿಂಗನ್ನೂ ಸಡಿಲ ಮಾಡಿ ಕಂಪನಿ ಇಟ್ಟಿದ್ದ ಹಾಗೆ ಇಟ್ಟು ಕಳಿಸಿದೆ. ಸ್ವಾತಿ ರಜೆ ದಿನವೆಲ್ಲ ಬಂದು ಫೋನ್ ಹಿಡಿದು ಹಿಂದೆ ಕೂತಳು. ನಾಲ್ಕು ಜಾಸ್ತಿ ತೋರಿಸಿದರೆ ತೋರಿಸಲಿ ಅಂತ ಎಲ್ಲರಿಗೂ ಹೇಳಿದ್ದೇನೆ. ಅಂಗಡಿಯ ಬೋರ್ಡಿನಲ್ಲಿದ್ದ ಮೀಟರ್ ಅನ್ನುವ ಮಾತಿನ ಮೇಲೆ ಬಣ್ಣ ಬಳಿದೆ.

ಇಬ್ಬರು ಗಿರಾಕಿಗಳು ಬರುವುದನ್ನು ಬಿಟ್ಟಿದ್ದಾರೆ. ಸರಿಯೇ.

ಗಡಿಯಾರ ಏಳು ನಿಮಿಷ ಮುಂದಿದೆ. ಬಸ್ಸಿಗೆ ಸಮಯಕ್ಕೆ ಸರಿಯಾಗಿ ಹೊರಟಳು ಮರಿಯಂ.

ನವೆಂಬರ್ 20, ಗುರುವಾರ

ಈಗ ಅಂಗಡಿಗೆ ನಡೆದೇ ಹೋಗುತ್ತೇನೆ. ಬೆಳಿಗ್ಗೆ ಬಸ್‌ಸ್ಟ್ಯಾಂಡ್ ದಾಟುವಾಗ ಯಾರೋ ಅಂಗಿ ಎಳೆದರು. ಕೃತಿಕಾ. ನರ್ಸರಿಯ ಯೂನಿಫಾರ್ಮು, ನೀರಿನ ಬಾಟಲಿ, ಎರಡು ಜಡೆ. ಆ ತುದಿಯಲ್ಲಿ ಸೌಂದರ್ಯ ನಿಂತಿದ್ದಳು. ನನ್ನನ್ನು ನೋಡಿದಳು, ಮುಖ ಬೇರೆ ಕಡೆ ತಿರುಗಿಸಿದಳು. ಆದರೆ ಮಗಳನ್ನು ಕರೆಯಲಿಲ್ಲ.

"ಕಾಕಾ, ನಿಮಗೊಂದು ವಿಷ್ಯ ಗೊತ್ತಾ?" ಅಂದಳು ಕೃತಿಕಾ. ಕಿವಿಯಲ್ಲಿ ಹೇಳಬೇಕು ಅಂತ ಕೈಸನ್ನೆ ಮಾಡಿದಳು. ಮೊಣಕಾಲೂರಿ ಕೂತೆ. ಗಲ್ಲದ ಮೇಲೆ ಮೂರು ಹೊಲಿಗೆಯ ಗುರುತು ಕಾಣಿಸಿತು.

"ನಮ್ಮಪ್ಪ ಜೋರಾಗಿ ಓಡಿಸಿಲ್ಲ. ನಲವತ್ತರಲ್ಲೇ ಓಡಿಸಿದ್ದು. ನನ್ನ ಮೇಲೆ ಆಣೆ ಇತ್ತಲ್ಲ, ಅದಕ್ಕೆ."

"ಹೌದಾ ಪುಟ್ಟಾ?" ಅಂದೆ.

"ಹ್ಞೂಂ. ಅಮ್ಮ ಹೇಳಿದ್ಲು. ನಿಮಗೆ ಗೊತ್ತಿರ್ಲಿಲ್ಲ ಅಲ್ವಾ?"

"ಗೊತ್ತಿರ್ಲಿಲ್ಲ" ಅಂದೆ.